‘ಶುರು ಮಾಡಿದೆವು’ ಅಂತ ಬರೆಯುವ ಮುಂಚೆ

ಮಿಶಿಗನ್‌ನಲ್ಲಿ ಫೆಬ್ರವರಿ ಅಂದರೆ ಮನೆ ಮುಂದಿನ ಹಿಮ ಎತ್ತಿ ಹಾಕುವ ತಿಂಗಳು. ನನಗೂ ಮಗಳಿಗೂ ಅದು ಪ್ರಬಂಧ ತಿದ್ದುವ ತಿಂಗಳೂ ಹೌದು. ಅವಳು ಹೈಸ್ಕೂಲಿನ ರೋಬಾಟಿಕ್ಸ್ ತಂಡದಲ್ಲಿದ್ದಾಳೆ, ನಾನು ಅದೇ ತಂಡದ ಮೆಂಟರ್. ಶಾಲೆಯ ವರ್ಕ್‌ಶಾಪಿನ ಒಂದು ಮೂಲೆಯಲ್ಲಿ ಡ್ರಿಲ್ಲಿನ ಸದ್ದು, ಇನ್ನೊಂದು ಮೂಲೆಯಲ್ಲಿ ಲ್ಯಾಪ್‌ಟಾಪಿನ ಸುತ್ತ ಕೂತು ಇಂಪ್ಯಾಕ್ಟ್ ಅವಾರ್ಡಿಗೆ ಬರೆಯುವ ನಾಲ್ಕು ಮಕ್ಕಳು. ನನ್ನ ಕುರ್ಚಿ ಈ ಮೂಲೆಯಲ್ಲಿ.

ರೋಬಾಟ್ ಸ್ಪರ್ಧೆಗೆ ಪ್ರಬಂಧ ಯಾಕೆ ಅಂತ ಊರಿನವರು ಕೇಳುತ್ತಾರೆ. ಈ ಸ್ಪರ್ಧೆ ನಡೆಸುವ ಫಸ್ಟ್ ಸಂಸ್ಥೆಯನ್ನು ಅಮೆರಿಕದ ಸಂಶೋಧಕ ಡೀನ್ ಕಾಮೆನ್ 1989ರಲ್ಲಿ ಕಟ್ಟಿದ್ದು ಮಕ್ಕಳಿಗೆ ವಿಜ್ಞಾನ, ತಂತ್ರಜ್ಞಾನದ ಹುಚ್ಚು ಹಿಡಿಸಲಿಕ್ಕೆ. 1992ರ ಮೊದಲ ಸ್ಪರ್ಧೆ ನ್ಯೂ ಹ್ಯಾಂಪ್‌ಶೈರಿನ ಒಂದು ಹೈಸ್ಕೂಲ್ ಜಿಮ್‌ನಲ್ಲಿ ನಡೆಯಿತು, ಬಂದಿದ್ದು 28 ತಂಡ. ಇವತ್ತಿಗೂ ಈ ಸ್ಪರ್ಧೆಯಲ್ಲಿ ಅತಿ ದೊಡ್ಡ ಗೌರವ ಸಿಗುವುದು ತನ್ನ ಸುತ್ತಲಿನ ಜನರಲ್ಲಿ ಬದಲಾವಣೆ ತಂದ ತಂಡಕ್ಕೆ. ಮೊದಲು ಇದನ್ನು ಚೇರ್ಮನ್ಸ್ ಅವಾರ್ಡ್ ಅನ್ನುತ್ತಿದ್ದರು. 2023ರ ಸೀಸನ್ನಿನಿಂದ ಹೆಸರು ಇಂಪ್ಯಾಕ್ಟ್ ಅವಾರ್ಡ್.

ಬರೆಯಲು ಸಿಗುವ ಜಾಗ ಬಹಳ ಕಡಿಮೆ. ಪ್ರಬಂಧಕ್ಕೆ 10,000 ಅಕ್ಷರ, ಜೊತೆಗಿರುವ ಕಿರು ಪ್ರಶ್ನೆಗಳಿಗೆ ತಲಾ 500. ನಡುವಿನ ಖಾಲಿ ಜಾಗ, ಅಲ್ಪವಿರಾಮವೂ ಲೆಕ್ಕಕ್ಕೆ ಬರುತ್ತವೆ.

ನಮ್ಮ ಮೊದಲ ಕರಡಿನಲ್ಲಿ ‘ನಾವು ಐದು ತಂಡಗಳನ್ನು ಶುರು ಮಾಡಿದೆವು’ ಅಂತ ಇತ್ತು. ಓದಲು ಭರ್ಜರಿ ಸಾಲು. ಆದರೆ ಈ ಪ್ರಶಸ್ತಿಯಲ್ಲಿ ‘ಶುರು ಮಾಡಿದೆವು’, ‘ಮಾರ್ಗದರ್ಶನ ಮಾಡಿದೆವು’, ‘ನೆರವಾದೆವು’ ಅನ್ನುವ ಒಂದೊಂದು ಮಾತಿಗೂ ಗೊತ್ತುಮಾಡಿದ ಅರ್ಥವಿದೆ. ಶುರು ಮಾಡಿದೆವು ಅನ್ನಬೇಕಾದರೆ ಆ ಇನ್ನೊಂದು ತಂಡವೂ ಹೌದು ಅನ್ನಬೇಕು. ಮಗಳು ಪೆನ್ನು ಕೆಳಗಿಟ್ಟು, “ಅಮ್ಮ, ಅವರನ್ನ ಕೇಳದೆ ಹೇಗೆ ಬರೆಯೋದು?” ಅಂದಳು. ಐದೂ ತಂಡಗಳಿಗೆ ಇಮೇಲ್ ಹೋಯಿತು. ಎರಡು ತಂಡ ಸಂತೋಷದಿಂದ ಒಪ್ಪಿದವು. ಇನ್ನೆರಡು, ಸೀಸನ್ ಪೂರ್ತಿ ನಿಮ್ಮ ಮಾರ್ಗದರ್ಶನ ಇತ್ತು ಅಂದವು. ಐದನೆಯದಕ್ಕೆ ನಾವು ಕೊಟ್ಟಿದ್ದು ಒಂದು ಮಧ್ಯಾಹ್ನದ ನೆರವು, ಅಷ್ಟೇ. ಒಬ್ಬ ಹುಡುಗನಿಗೆ ಬಹಳ ಬೇಜಾರಾಯಿತು, ಸಂಖ್ಯೆ ಸಣ್ಣದಾಗಿಬಿಟ್ಟಿತಲ್ಲ ಅಂತ. ನನಗೆ ಮಾತ್ರ ಪ್ರಬಂಧಕ್ಕೆ ಗಟ್ಟಿ ನೆಲ ಸಿಕ್ಕಿದ್ದೇ ಆ ಸಂಜೆ ಅನ್ನಿಸಿತು.

ಆಮೇಲೆ ಒಂದು ಸಾಲಿನ ಮೇಲೆ ಗಂಟೆಗಟ್ಟಲೆ ಕೂತೆವು. ‘ಲೈಬ್ರರಿ ಕಾರ್ಯಾಗಾರಗಳಿಂದ ಅನೇಕ ಮಕ್ಕಳಿಗೆ ಸ್ಫೂರ್ತಿ ಸಿಕ್ಕಿತು.’ ಸ್ಫೂರ್ತಿ ಸಿಕ್ಕಿದ್ದು ಹೇಗೆ ಗೊತ್ತು ಅಂತ ಕೇಳಿದೆ. ಎಲ್ಲರೂ ಸುಮ್ಮನಾದರು. ಸ್ವಲ್ಪ ಹೊತ್ತಿನ ಮೇಲೆ ಪ್ರೋಗ್ರಾಮಿಂಗ್ ನೋಡಿಕೊಳ್ಳುವ ಹುಡುಗಿ ನಿಧಾನಕ್ಕೆ ಹೇಳಿದಳು: ಆರನೇ ತರಗತಿಯಲ್ಲಿದ್ದಾಗ ತಾನೇ ಆ ಕಾರ್ಯಾಗಾರಕ್ಕೆ ಬಂದಿದ್ದಳಂತೆ, ಮೊದಲ ಸಲ ಸ್ಕ್ರೂಡ್ರೈವರ್ ಹಿಡಿದದ್ದು ಅಲ್ಲೇ ಅಂತೆ. ಎರಡು ವರ್ಷದಿಂದ ನಮ್ಮ ಪಕ್ಕದಲ್ಲೇ ಕೂತವಳು! ಹಳೆಯ ಹಾಜರಿ ಹಾಳೆ ಹುಡುಕಿದರೆ ಅವಳದೇ ಅಂಕುಡೊಂಕು ಅಕ್ಷರದಲ್ಲಿ ಅವಳ ಹೆಸರು. ಸ್ಫೂರ್ತಿಯ ಸಾಲು ಅಳಿಸಿ ಅವಳ ಕಥೆ ಹಾಕಿದೆವು. ಅಕ್ಷರ ಹೆಚ್ಚಾದದ್ದಕ್ಕೆ ನಾಲ್ಕು ವಿಶೇಷಣ ಕಿತ್ತೆವು.

ನಮ್ಮ ಪೀಳಿಗೆಗೆ ಸ್ವಂತ ಕೆಲಸವನ್ನು ತಾನೇ ಹೇಳಿಕೊಳ್ಳುವುದು ಅಂದರೆ ಮುಜುಗರ. ಈ ಮಕ್ಕಳ ಜೊತೆ ಕೂತ ಮೇಲೆ, ನಡೆದದ್ದನ್ನು ನಡೆದ ಹಾಗೆ ಹೇಳುವುದಕ್ಕೂ ಜಂಬಕ್ಕೂ ಎಷ್ಟು ದೂರ ಅಂತ ನನಗೆ ಕಾಣತೊಡಗಿದೆ.

ಸಂದರ್ಶನಕ್ಕೆ ಮೂವರು ವಿದ್ಯಾರ್ಥಿಗಳು ಹೋಗಬಹುದು. ಒಬ್ಬ ಮೆಂಟರ್ ಒಳಗೆ ಕೂರಬಹುದು, ತುಟಿ ಬಿಚ್ಚುವಂತಿಲ್ಲ. ನಾನು ಗೋಡೆ ಪಕ್ಕದ ಕುರ್ಚಿಯಲ್ಲಿ ಕೈ ಕಟ್ಟಿ ಕೂತಿದ್ದೆ. ತೀರ್ಪುಗಾರರೊಬ್ಬರು ಲೈಬ್ರರಿಯ ಕಾರ್ಯಾಗಾರದಿಂದ ಏನಾದರೂ ಬದಲಾಯಿತೇ ಅಂತ ಕೇಳಿದರು. ಮಗಳು ಬಾಯಿ ತೆರೆದವಳು ಹಾಗೇ ತಡೆದು, ಪಕ್ಕದಲ್ಲಿದ್ದ ಆ ಪ್ರೋಗ್ರಾಮರ್ ಹುಡುಗಿಯ ಕಡೆ ತಿರುಗಿದಳು. ಅವಳು ಒಂದು ಹೆಜ್ಜೆ ಮುಂದೆ ಬಂದು, ಹಾಜರಿ ಹಾಳೆಯ ಪ್ರತಿಯನ್ನು ಮೇಜಿನ ಮೇಲಿಟ್ಟಳು.