ಹೂವನ್ನು ಕರೆಯುವ ವಿಭಕ್ತಿ

ಚೆಕ್ ದೇಶದ ಬ್ರನೋ ನಗರಕ್ಕೆ ಬಂದ ಎರಡನೇ ವರ್ಷ ಚೆಕ್ ಕ್ಲಾಸಿಗೆ ಸೇರಿದೆ. ಈ ಭಾಷೆಗೆ ಏಳು ವಿಭಕ್ತಿ, ಐದನೆಯದು ನಮ್ಮ ಸಂಬೋಧನೆಯೇ. ದಂಡೇಲಿಯನ್ ಎಂಬ ಹಳದಿ ಕಾಡುಹೂವಿಗೆ ಇಲ್ಲಿ ಪಂಪೆಲಿಷ್ಕಾ ಅಂತಾರೆ. ಕೂಗಿ ಕರೆದರೆ ಪಂಪೆಲಿಷ್ಕೊ. ಹೂವನ್ನು ಹಾಗೆ ಯಾರು ಕರೀತಾರೆ ಅಂತ ಕೇಳಿದೆ. ಮುಂದಿನ ವಾರ ಟೀಚರ್ ಒಂದು ತೆಳ್ಳನೆಯ ಪುಸ್ತಕ ತಂದುಕೊಟ್ಟರು. ಯಾಕುಬ್ ದೆಮ್ಲ್ ಎಂಬ ಪಾದ್ರಿ ಬರೆದದ್ದು, 1913ರದು. ಹೆಸರು 'ನನ್ನ ಗೆಳೆಯರು'. ಗೆಳೆಯರೆಂದರೆ ಹೂಗಳು. ಒಂದೊಂದನ್ನೂ ಹೆಸರು ಹಿಡಿದು ಕರೆದು ಮಾತಾಡಿಸುತ್ತಾರೆ, ಕೆಲವಕ್ಕೆ ಒಂದೇ ವಾಕ್ಯ. ನನ್ನ ಹರಕು ಚೆಕ್‌ಗೂ ಅಷ್ಟು ದಕ್ಕಿತು. ಹೊತ್ತು ಮುಳುಗಿದ ಮೇಲೆ ಗಿಡ ಮುಟ್ಟಬೇಡ, ಮಲಗಿರುತ್ತೆ ಅನ್ನುತ್ತಿದ್ದ ಅಜ್ಜಿ ನೆನಪಾದಳು.

ಆದರೆ ದೆಮ್ಲ್ ಬರೀ ಹೂವಿನ ಕವಿಯಲ್ಲ. 1912ರಲ್ಲಿ ಬಂದ ಅವರ 'ಸಾವಿನ ಕೋಟೆ' ಓದಿದ ರಾತ್ರಿ ನಾನು ದೀಪ ಆರಿಸಲಿಲ್ಲ. ಕನಸಿನೊಳಗಿನ ಭಯವನ್ನು ಎಚ್ಚರದ ಭಾಷೆಗೆ ಹಾಗೇ ಎತ್ತಿಟ್ಟ ಬರಹ ಅದು. ಎಕ್ಸ್‌ಪ್ರೆಶನಿಸಂ, ಅಂದರೆ ಕಂಡದ್ದಕ್ಕಿಂತ ಒಳಗಿನ ತಳಮಳವನ್ನೇ ಬರೆಯುವ ರೀತಿ, ಎಂದರೇನು ಅಂತ ನನಗೆ ತಿಳಿದದ್ದು ಅದರಿಂದ.

ದೆಮ್ಲ್ ಹುಟ್ಟಿದ್ದು 1878ರಲ್ಲಿ, ಚೆಕ್ ದೇಶದ ಪೂರ್ವ ಭಾಗವಾದ ಮೊರಾವಿಯಾದ ತಾಸೊವ್ ಹಳ್ಳಿಯಲ್ಲಿ. 1902ರಲ್ಲಿ ಪಾದ್ರಿ ದೀಕ್ಷೆ. ಆಮೇಲೆ ಮೇಲಿನವರ ಜೊತೆ ಜಗಳ, ಊರಿಂದೂರಿಗೆ ವರ್ಗ. ಹತ್ತು ವರ್ಷ ಆಗುವಷ್ಟರಲ್ಲಿ ಚರ್ಚಿನ ಕೆಲಸವೇ ಕೈತಪ್ಪಿತು. 1917ರಿಂದ 1941ರವರೆಗೆ 'ಹೆಜ್ಜೆಗುರುತುಗಳು' ಅಂತ 26 ಸಂಪುಟ ತಾವೇ ಹೊರತಂದರು. ಕನಸು, ಪತ್ರ, ಕವಿತೆ, ಜಗಳ ಎಲ್ಲ ಒಂದೇ ಬುಟ್ಟಿಯಲ್ಲಿ. ಅದರಲ್ಲಿ ಯಹೂದಿಗಳ ಮೇಲೆ ಕಾರಿದ ವಿಷವೂ ಇದೆ. ಆ ಪುಟಗಳನ್ನು ಕಾಲದ ದೋಷ ಅಂತ ಹೇಳಿ ದಾಟಲು ನನ್ನಿಂದಾಗದು. ಹೂವಿಗೆ ಅಷ್ಟು ಮೃದುವಾದ ಮನುಷ್ಯ ನೆರೆಯವನಿಗೆ ಅಷ್ಟು ಕಠೋರನಾದ, ಅದು ನನ್ನನ್ನು ಇವತ್ತಿಗೂ ನೋಯಿಸುತ್ತದೆ.

1934ರ 'ಮರೆತ ಬೆಳಕು' ಸರ್ಕಾರದ ಮುಟ್ಟುಗೋಲಿಗೆ ಸಿಕ್ಕಿತು. 1948ರ ನಂತರ ಕಮ್ಯುನಿಸ್ಟರ ಕಾಲದಲ್ಲಿ ವಿಚಾರಣೆಗೆ ಎಳೆದಾಗ ಅವರ ಪರ ನಿಂತವರು ಸ್ವತಃ ಕಮ್ಯುನಿಸ್ಟರಾಗಿದ್ದ ಕವಿ ವೀತೆಸ್‌ಸ್ಲಾವ್ ನೆಜ್ವಲ್. ಈ ಒಂದು ಸಂಗತಿಗಾಗಿ ನೆಜ್ವಲ್ ಮೇಲೆ ನನಗೆ ಬಹಳ ಗೌರವ.

ಕಳೆದ ಮೇ ತಿಂಗಳಲ್ಲಿ ತಾಸೊವ್‌ಗೆ ಹೋಗಿದ್ದೆ. ದೆಮ್ಲ್ ವಾಸವಿದ್ದ ಮನೆಯ ವಿನ್ಯಾಸ ಬೊಹುಸ್ಲಾವ್ ಫುಕ್ಸ್ ಅವರದು. ಬ್ರನೋದಲ್ಲಿ ಸುಮಾರು ಎಂಟು ಮೀಟರ್ ಅಗಲದ ಜಾಗದಲ್ಲಿ ಅವಿಯೋನ್ ಹೋಟೆಲ್ ಎಬ್ಬಿಸಿದ ಅದೇ ವಾಸ್ತುಶಿಲ್ಪಿ. ಮನೆ ಹೊರಗಿಂದ ನೋಡಿ ಸ್ಮಶಾನಕ್ಕೆ ನಡೆದೆ. 1961ರಲ್ಲಿ ತ್ರ್ಷೆಬೀಚ್‌ನಲ್ಲಿ ತೀರಿಕೊಂಡ ಅವರನ್ನು ಮಣ್ಣು ಮಾಡಿದ್ದು ಹುಟ್ಟೂರಲ್ಲೇ. ದಾರಿಯುದ್ದಕ್ಕೂ ಪಂಪೆಲಿಷ್ಕಾ ಮಾಗಿ ಬೆಳ್ಳನೆಯ ಬೀಜದ ಚೆಂಡು ಕಟ್ಟಿತ್ತು, ನನ್ನ ಪ್ಯಾಂಟಿಗೆಲ್ಲ ಅಂಟಿತು. ಸಮಾಧಿಯ ಮುಂದೆ ಪ್ರಾರ್ಥನೆ ಯಾವುದೂ ಬಾಯಿಗೆ ಬರಲಿಲ್ಲ. ಐದನೇ ವಿಭಕ್ತಿಯಲ್ಲಿ ಮೆಲ್ಲಗೆ ಕರೆದೆ: ಯಾಕುಬೆ.