ಸೋಲಲಿಕ್ಕೆ ಇಲ್ಲದ ಆಟ

ತುಳುನಾಡಿನ ಆಟಿ ತಿಂಗಳ ಮಳೆ. ರೆಡ್ ಅಲರ್ಟ್ ಅಂತ ಶಾಲೆಗೆ ರಜೆ. ಹಿರಿಯಡ್ಕದ ನಮ್ಮ ಮನೆಯಲ್ಲಿ ಬೆಳಿಗ್ಗೆಯಿಂದ ಕರೆಂಟೂ ಇಲ್ಲ. ಅಮ್ಮ ಅಟ್ಟದಿಂದ ಚೆನ್ನೆಮಣೆ, ಅಂದರೆ ಗುಳಿಗೆ ಕಾಯಿ ಹಾಕಿ ಆಡುವ ಮಣೆ, ಇಳಿಸಿದ್ದಳು. ಆಟಿ ಬಿಟ್ಟರೆ ಬೇರೆ ತಿಂಗಳಲ್ಲಿ ಅದನ್ನು ಮುಟ್ಟಲಿಕ್ಕೂ ಬಿಡುವವಳಲ್ಲ. 14 ಗುಳಿ, ಗುಳಿಗೆ 4ರಂತೆ 56 ಮಂಜೊಟ್ಟಿ ಕಾಯಿ. ಅದರಲ್ಲೊಂದು ಯಾವಾಗಲೋ ಕಳೆದುಹೋಗಿ, ಆ ಜಾಗಕ್ಕೆ ಹುಣಸೆ ಬೀಜ ಬಂದಿದೆ.

ಮಕ್ಕಳೆಂದು ಬಿಟ್ಟುಕೊಡುವ ಅಭ್ಯಾಸ ಅಮ್ಮನಿಗಿಲ್ಲ. ನನ್ನನ್ನೂ ಹಾಗೇ ಸೋಲಿಸಿ ಸೋಲಿಸಿ ಬೆಳೆಸಿದವಳು. ಎಂಟು ವರ್ಷದ ಮಗಳು ಸಾಲಾಗಿ ಮೂರು ಆಟ ಸೋತು ಮೂಲೆಯಲ್ಲಿ ಮುಖ ಊದಿಸಿ ಕೂತಳು.

ಸಮಾಧಾನಕ್ಕೆಂದು ಫೋನಿನಲ್ಲಿ ಮಾನ್ಯುಮೆಂಟ್ ವ್ಯಾಲಿ ತೆಗೆದುಕೊಟ್ಟೆ. 2014ರಲ್ಲಿ ಲಂಡನ್ನಿನ ಅಸ್‌ಟೂ ಗೇಮ್ಸ್ ಮಾಡಿದ ಆಟ. ನಡುವೆ ಜಾಹೀರಾತು ನುಗ್ಗುವುದಿಲ್ಲ, ಗಡಿಯಾರ ಓಡುವುದಿಲ್ಲ. ಹತ್ತೇ ಅಧ್ಯಾಯ, ಕೊಟ್ಟ ದುಡ್ಡಿಗೆ ಇಷ್ಟೇನಾ ಅಂತ ಆಗ ಗೊಣಗಿದ್ದೆ, ಆಮೇಲೆ ಮೂರು ಸಲ ಆಡಿದ್ದೇನೆ. ಇಡಾ ಎಂಬ ಪುಟ್ಟ ರಾಜಕುಮಾರಿ, ಬೆರಳಿಟ್ಟಲ್ಲಿಗೆ ನಡೆದು ಹೋಗುತ್ತಾಳೆ. ದಾರಿ ತುಂಡಾಗಿದ್ದರೆ ಹಿಡಿ ತಿರುಗಿಸಿ ಕಟ್ಟಡವನ್ನೇ ತಿರುಗಿಸಬೇಕು. ಎಲ್ಲೋ ಇರುವ ಎರಡು ಅಂಚು ನಮ್ಮ ಕಣ್ಣಿಗೆ ಕೂಡಿದ ಹಾಗೆ ಕಂಡರೆ ಸಾಕು, ಅಲ್ಲಿ ದಾರಿಯಾಗಿಬಿಡುತ್ತದೆ. ಡಚ್ ಚಿತ್ರಕಾರ ಎಷರ್ ಬಿಡಿಸಿದನಲ್ಲ, ಯಾವ ಮೇಸ್ತ್ರಿಯೂ ಕಟ್ಟಲಾಗದ ಮೆಟ್ಟಿಲುಗಳು, ಅದೇ ಜಾತಿಯ ಕಣ್ಕಟ್ಟು.

ಅಮ್ಮ ಹಲಸಿನ ಬೀಜ ಸುಲಿಯುತ್ತಾ ಓರೆಗಣ್ಣಲ್ಲಿ ನೋಡುತ್ತಿದ್ದಳು.

“ಅದರಲ್ಲಿ ಸೋತರೆ ಎಂತ ಆಗ್ತದೆ?”

“ಸೋಲ್ಲಿಕ್ಕೇ ಇಲ್ಲ ಅಜ್ಜಿ. ಬಿದ್ದು ಸಾಯುವುದೂ ಇಲ್ಲ.”

“ಸೋಲಲಿಕ್ಕೆ ಇಲ್ಲದ್ದು ಎಂತ ಆಟ ಮಾರಾಯ್ತಿ!”

ಅಷ್ಟರಲ್ಲಿ ಕಾಗೆಗಳು ಬಂದವು. ಕೊಕ್ಕಿನ ಮೋರೆಯ ಕಪ್ಪು ಜನ. ಒಂದೇ ದಾರಿಯಲ್ಲಿ ಆಚೆ ಈಚೆ ನಡೆಯುತ್ತಾ ಇಡಾಳಿಗೆ ಅಡ್ಡ ನಿಂತು ಕಿರುಚುತ್ತವೆ, ಬೇರೇನೂ ಮಾಡುವುದಿಲ್ಲ. “ಇದನ್ನು ಓಡಿಸುವುದು ಹೇಗೆ?” ಅಂತ ಮಗಳು ಕೇಳಿದ್ದೇ ತಡ, ಅಮ್ಮ ಮಣೆಯಿಂದ ಎದ್ದಳು.

“ಆಟಿಯಲ್ಲಿ ಕಾಗೆ ಓಡಿಸ್ತಾರಾ? ಸ್ವಲ್ಪ ನಿಲ್ಲು, ಅದು ಆಚೆ ಹೋಗ್ಲಿ.”

ಹಿರಿಯರಿಗೆ ಬಡಿಸುವ ತಿಂಗಳಲ್ಲವೇ. ಕಾದರು. ಕಾಗೆ ತಿರುಗಿ ಹೋಯಿತು, ಇಡಾ ದಾಟಿದಳು. ಆಮೇಲೆ ಅಮ್ಮ ಫೋನ್ ಬಿಡಲಿಲ್ಲ. ಬೀಜದ ಅಂಟು ಹಿಡಿದ ಬೆರಳಿಗೆ ಸ್ಕ್ರೀನ್ ಓಗೊಡಲಿಲ್ಲ. ಸೆರಗಿಗೆ ಒರೆಸಿಕೊಂಡು ಮತ್ತೆ ಇಟ್ಟಳು. ಸೇಮಿಗೆ ಒತ್ತುವ ಮಣೆಯ ಹಿಡಿ ತಿರುಗಿಸುವ ಹಾಗೆ, ಭುಜದಿಂದಲೇ ಬಲ ಹಾಕಿ ತಿರುಗಿಸುತ್ತಿದ್ದಳು. ಒಂದು ಕಡೆ ಹಿಡಿ ಒಳಕ್ಕೆ ಸರಿದು ಕೂತಿತು.

“ಇದು ಎಂತಕ್ಕೆ ತಿರುಗುದಿಲ್ಲ?”

“ಇಡಾ ಅದರ ಮೇಲೆ ನಿಂತಿದ್ದಾಳಲ್ಲ ಅಜ್ಜಿ.”

“ಹೌದಲ್ಲ, ತಿರುಗಿಸಿದ್ರೆ ಬೀಳ್ತಾಳೆ ಪಾಪ.” ಆಟ ಮಾಡಿದವರ ಮೇಲೆ ಅಮ್ಮನಿಗೆ ಗೌರವ ಹುಟ್ಟಿದ್ದು ಆಗಲೇ ಇರಬೇಕು.

ಒಲೆಯ ಮೇಲಿನ ಗಂಜಿ ಉಕ್ಕಿದ್ದನ್ನು ನಾನೇ ಹೋಗಿ ನೋಡಬೇಕಾಯಿತು. ತಿರುಗಿ ಬರುವಾಗ ಫೋನಿನ ಚಾರ್ಜ್ ಮುಗಿದು ಇಬ್ಬರೂ ಕಪ್ಪು ಸ್ಕ್ರೀನ್ ನೋಡುತ್ತಾ ಕೂತಿದ್ದರು. ಕರೆಂಟ್ ಇನ್ನೂ ಬಂದಿರಲಿಲ್ಲ. ಸ್ವಲ್ಪ ಹೊತ್ತಿಗೆ ಮಗಳೇ ಚೆನ್ನೆಮಣೆ ಎಳೆದುಕೊಂಡು ಗುಳಿಗೆ ನಾಲ್ಕರಂತೆ ಕಾಯಿ ತುಂಬತೊಡಗಿದಳು.

“ಸೋತರೆ ಅಳ್ಳಿಕ್ಕಿಲ್ಲ,” ಎಂದಳು ಅಮ್ಮ.

ನಾಲ್ಕನೇ ಆಟವನ್ನೂ ಅವಳೇ ಗೆದ್ದಳು.