ರೆಕಾರ್ಡ್ ಪ್ಲೇಯರ್ ಕೊಳ್ಳುವ ಮುನ್ನ

ರೆಕಾರ್ಡ್ ಪ್ಲೇಯರ್ ಕೊಳ್ಳಲು ಹೊರಟವರು ಮೊದಲು ನೋಡಬೇಕಾದದ್ದು ಯಂತ್ರವನ್ನಲ್ಲ, ತಮ್ಮ ಬಳಿ ಇರುವ ರೆಕಾರ್ಡುಗಳನ್ನು. 1948ರಲ್ಲಿ ಬಂದ ಎಲ್‌ಪಿ (ಹೆಚ್ಚು ಹೊತ್ತು ನುಡಿಯುವ ರೆಕಾರ್ಡು) ನಿಮಿಷಕ್ಕೆ 33⅓ ಸುತ್ತು ತಿರುಗಿದರೆ, ಅದಕ್ಕಿಂತ ಹಳೆಯ ಅರಗಿನ ರೆಕಾರ್ಡು ಸುಮಾರು 78 ಸುತ್ತು ತಿರುಗುತ್ತದೆ. ಅರಗಿನ ರೆಕಾರ್ಡಿನ ಗೀರು ಅಗಲವಾಗಿರುವುದರಿಂದ ಯಂತ್ರದಲ್ಲಿ ಆ ವೇಗವಿದ್ದರಷ್ಟೇ ಸಾಲದು, ಅದಕ್ಕೆಂದೇ ಮಾಡಿದ ದಪ್ಪ ಮುಳ್ಳೂ ಬೇಕು; ಎಲ್‌ಪಿಯ ಸಣ್ಣ ಮುಳ್ಳು ಗೀರಿನ ತಳಕ್ಕಿಳಿದು ಗರಗರ ಸದ್ದನ್ನೇ ಎತ್ತಿ ತರುತ್ತದೆ.

ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದದ್ದು ಮುಳ್ಳು ಗೀರಿನ ಮೇಲೆ ಹಾಕುವ ಭಾರ. ಮುಳ್ಳಿನ ನಡುಕವನ್ನು ವಿದ್ಯುತ್ ಸಂಕೇತವಾಗಿಸುವ ತುಣುಕೇ ಕಾರ್ಟ್ರಿಡ್ಜ್; ಸಾಮಾನ್ಯ ಮ್ಯಾಗ್ನೆಟಿಕ್ ಕಾರ್ಟ್ರಿಡ್ಜಿಗೆ 2 ಗ್ರಾಂ ಆಸುಪಾಸು ಸಾಕು. ಅಗ್ಗದ ಪೆಟ್ಟಿಗೆ ಪ್ಲೇಯರುಗಳ ಸೆರಾಮಿಕ್ ಕಾರ್ಟ್ರಿಡ್ಜ್ ಅದರ ಎರಡು ಪಟ್ಟಿಗೂ ಹೆಚ್ಚು ಒತ್ತಿ ಗೀರನ್ನು ಬೇಗ ಸವೆಸುವುದುಂಟು. ಮುಳ್ಳನ್ನು ಹೊತ್ತ ತೋಳಿನ ಹಿಂಬದಿಯ ತೂಕವನ್ನು ಬೆರಳಿನಿಂದ ಮೆಲ್ಲಗೆ ತಿರುಗಿಸುತ್ತ, ತೋಳು ಮೇಲೇಳದೆ ಕೆಳಬಾಗದೆ ತೇಲಿದಂತೆ ನಿಂತಾಗ ಅಂಕಿಯನ್ನು ಸೊನ್ನೆಗೆ ತಂದು, ಅಲ್ಲಿಂದ ಬೇಕಾದಷ್ಟೇ ಭಾರ ಕೊಡಲು ಬರುವ ಯಂತ್ರವನ್ನೇ ನಾನು ಆರಿಸುತ್ತೇನೆ. ಇಷ್ಟಪಟ್ಟು ಕೂಡಿಟ್ಟ ರೆಕಾರ್ಡುಗಳಿಗೆ ಅಷ್ಟು ಮರ್ಯಾದೆ ಸಲ್ಲಲೇಬೇಕು.

ಮೋಟಾರು ತಟ್ಟೆಯನ್ನು ಬೆಲ್ಟಿನಿಂದ ತಿರುಗಿಸುವ ಬೆಲ್ಟ್ ಡ್ರೈವೋ, ನೇರವಾಗಿ ತಿರುಗಿಸುವ ಡೈರೆಕ್ಟ್ ಡ್ರೈವೋ ಎಂಬ ಚರ್ಚೆಯನ್ನು ಮನೆಯಲ್ಲಿ ಕೂತು ಕೇಳುವವರು ಹೆಚ್ಚು ಬೆಳೆಸಬೇಕಾಗಿಲ್ಲ, ಬೆಲ್ಟ್ ಸಡಿಲವಾದಾಗ ಬದಲಿಸಿದರಾಯಿತು. ಆದರೆ ನಿಮ್ಮ ಆಂಪ್ಲಿಫೈಯರಿನಲ್ಲಿ ಫೋನೋ ಎಂದು ಬರೆದ ಕಿಂಡಿ ಇಲ್ಲದಿದ್ದರೆ, ಪ್ಲೇಯರಿನೊಳಗೇ ಪ್ರೀಆಂಪ್ (ಕಾರ್ಟ್ರಿಡ್ಜಿನ ಕ್ಷೀಣ ಸಂಕೇತವನ್ನು ಹಿಗ್ಗಿಸುವ ಭಾಗ) ಇದೆಯೇ ಎಂದು ಕೇಳಿಕೊಳ್ಳಿ. ಅದಿಲ್ಲದೆ ಹಾಡು ತೀರ ಕ್ಷೀಣವಾಗಿ, ಮಂದ್ರವೇ ಇಲ್ಲದೆ ಕೇಳುತ್ತದೆ. ಬದಲಿ ಮುಳ್ಳು ಸಿಗುತ್ತದೆಯೇ ಎಂಬುದನ್ನೂ ಹಣ ಕೊಡುವ ಮೊದಲೇ ವಿಚಾರಿಸಿ.